ಹೊಳೆಯ ಹಾದಿಯಲ್ಲಿ ಬ್ಯಾಂಕಾಕ್: ಮುಂಬೈ ಕನ್ನಡಿಗರಿಗೊಂದು ಕೈಪಿಡಿ

ಮುಂಬೈಯಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ನಾಲ್ಕೂವರೆ ಗಂಟೆ ಆಸುಪಾಸು. ಕೊಂಕಣ ರೈಲಿನಲ್ಲಿ ಉಡುಪಿ ಮುಟ್ಟುವ ಹೊತ್ತಿನ ಅರ್ಧವೂ ಅಲ್ಲ. ಮಾಟುಂಗಾ, ಡೊಂಬಿವಲಿ, ಮುಲುಂಡ್, ವಾಶಿಯ ಕನ್ನಡ ಮನೆಗಳಲ್ಲಿ ಮೊದಲ ವಿದೇಶ ಪ್ರವಾಸಕ್ಕೆ ಈ ಊರನ್ನೇ ಆರಿಸಿಕೊಳ್ಳುವವರು ಬಹಳ. ಆದರೆ ಹೆಚ್ಚಿನವರು ಪ್ಯಾಕೇಜಿನಲ್ಲಿ ಹೋಗುತ್ತಾರೆ. ಪಟ್ಟಾಯಾದಲ್ಲಿ ಎರಡು ರಾತ್ರಿ, ಬ್ಯಾಂಕಾಕ್‌ನಲ್ಲಿ ಎರಡು ರಾತ್ರಿ, ನಡುವೆ ಅರ್ಧ ದಿನದ ‘ಸಿಟಿ ಟೂರ್’. ಆ ಅರ್ಧ ದಿನದಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಲ್ಲುತ್ತದೆ, ಒಂದೆರಡು ದೇವಸ್ಥಾನ ತೋರಿಸಿ ಹರಳಿನ ಅಂಗಡಿಯೊಂದಕ್ಕೆ ಕರೆದೊಯ್ಯುತ್ತದೆ, ಅಲ್ಲಿಗೆ ಮುಗಿಯಿತು. ಊರು ಕಂಡಿರುವುದಿಲ್ಲ.

ಬ್ಯಾಂಕಾಕ್ ನೀರಿನ ಮೇಲೆ ಬೆಳೆದ ಊರು. 1782ರಲ್ಲಿ ಚಕ್ರಿ ವಂಶದ ಮೊದಲ ಅರಸ, ಒಂದನೇ ರಾಮ, ಚಾವೊ ಫ್ರಾಯಾ ನದಿ ಬಳಸಿ ಹರಿಯುವ ತಿರುವಿನಲ್ಲಿ ಇದನ್ನು ಕಟ್ಟಿಸಿದ. ಅರಮನೆ, ದೊಡ್ಡ ದೇವಾಲಯಗಳು, ಹಳೆಯ ಪೇಟೆ ಎಲ್ಲವೂ ಆ ತಿರುವಿನ ಅಂಚಿಗೇ ಇವೆ. ರಸ್ತೆಗಳು ಆಮೇಲೆ ಬಂದವು. ಹಾಗಾಗಿ ಪಳಗಿದ ಪ್ರವಾಸಿಗರು ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಓಡುವುದಿಲ್ಲ. ಇವತ್ತು ಹೊಳೆ, ನಾಳೆ ಕಾಲುವೆ ಎಂದು ನೀರಿನ ದಾರಿಯ ಮೇಲೆ ದಿನವನ್ನು ಹೊಂದಿಸುತ್ತಾರೆ. ನೀರು ಮುಟ್ಟದ ಕಡೆಗೆ ರೈಲಿದೆ. ಟ್ಯಾಕ್ಸಿ ಬೇಕಾಗುವುದು ರಾತ್ರಿ ಹೊತ್ತು ಮತ್ತು ಲಗೇಜು ಇದ್ದಾಗ ಮಾತ್ರ.

ಹೊರಡುವ ಮುನ್ನ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತೀಯರಿಗೆ ಇರುವ ವೀಸಾ ನಿಯಮ ಈಚಿನ ವರ್ಷಗಳಲ್ಲಿ ಪದೇ ಪದೇ ಬದಲಾಗಿದೆ. ಆದ್ದರಿಂದ ಟಿಕೆಟ್ ತೆಗೆಯುವ ದಿನವೇ ಮುಂಬೈಯ ಥಾಯ್ ಕಾನ್ಸುಲೇಟಿನ ಜಾಲತಾಣ ನೋಡಿ, ಕಳೆದ ವರ್ಷ ಹೋಗಿಬಂದವರ ಮಾತನ್ನು ನೆಚ್ಚಬೇಡಿ. 2025ರ ಮೇ 1ರಿಂದ ಎಲ್ಲ ವಿದೇಶಿಯರೂ ಆಗಮನದ ಡಿಜಿಟಲ್ ಕಾರ್ಡನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಇಳಿಯುವ ದಿನಕ್ಕೆ ಮೂರು ದಿನ ಮುಂಚಿನಿಂದ ಅದು ತೆರೆಯುತ್ತದೆ, ಅದಕ್ಕಿಂತ ಮೊದಲು ತುಂಬಲು ಬರುವುದಿಲ್ಲ. ಈ ಕಾರ್ಡಿಗೆ ಹಣವಿಲ್ಲ. ಹುಡುಕಿದಾಗ ಮೊದಲು ಬರುವ ಪುಟಗಳು ಎಷ್ಟೋ ಸಲ ಖಾಸಗಿಯವರದ್ದಾಗಿದ್ದು ಶುಲ್ಕ ಕೇಳುತ್ತವೆ. ಸರಕಾರಿ ವಿಳಾಸ ‘ಗೋ ಡಾಟ್ ಟಿಎಚ್’ ಎಂದು ಕೊನೆಯಾಗುತ್ತದೆ, ಅದನ್ನು ನೋಡಿಕೊಂಡರೆ ಸಾಕು. ಹೋಟೆಲ್ ಬುಕಿಂಗ್ ಮತ್ತು ವಾಪಸು ಟಿಕೆಟನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಇಮಿಗ್ರೇಶನ್‌ನಲ್ಲಿ ಕೇಳಿದರೆ ಫೋನಿನಲ್ಲಿ ಹುಡುಕುತ್ತ ನಿಲ್ಲಬೇಕಾಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಮುಂಬೈಯವರು ಎಡವುವುದು ಯುಪಿಐ ಅಭ್ಯಾಸದಿಂದ. ಅಲ್ಲಿನ ಪ್ರತಿ ಗಾಡಿಯ ಮೇಲೂ ಕ್ಯೂಆರ್ ಚೀಟಿ ಕಾಣುತ್ತದೆ, ಆದರೆ ಅದು ಥಾಯ್ ಬ್ಯಾಂಕ್ ಖಾತೆಗಳಿಗೆ. ನಮ್ಮ ಫೋನು ಅಲ್ಲಿ ಓಡುತ್ತದೆ ಎಂದು ನಂಬಿ ಹೋಗಬೇಡಿ. ಬೀದಿ ತಿಂಡಿ, ದೋಣಿ, ದೇವಸ್ಥಾನಕ್ಕೆ ನೋಟೇ ಬೇಕು, 20 ಮತ್ತು 100 ಬಾಟ್‌ನವು. ಒಂದು ಬಾಟ್‌ಗೆ ಎರಡೂವರೆಯಿಂದ ಮೂರು ರೂಪಾಯಿಯ ನಡುವೆ ಲೆಕ್ಕ ಹಿಡಿಯಿರಿ. ಸುವರ್ಣಭೂಮಿ ವಿಮಾನ ನಿಲ್ದಾಣದ ಆಗಮನದ ಹಾಲಿನಲ್ಲಿರುವ ಕೌಂಟರುಗಳಲ್ಲಿ ಹಣ ಬದಲಿಸಬೇಡಿ. ನೆಲಮಾಳಿಗೆಗೆ ಇಳಿದರೆ, ರೈಲಿಗೆ ಹೋಗುವ ದಾರಿಯಲ್ಲೇ ಇರುವ ಸಣ್ಣ ಕೌಂಟರುಗಳು ಹೆಚ್ಚು ಕೊಡುತ್ತವೆ. ಎಟಿಎಂ ಪ್ರತಿ ಸಲಕ್ಕೂ 200 ಬಾಟ್‌ಗಿಂತ ಹೆಚ್ಚು ಹಿಡಿದುಕೊಳ್ಳುತ್ತದೆ. ತೆಗೆಯುವುದೇ ಆದರೆ ಒಂದೇ ಸಲಕ್ಕೆ ತೆಗೆಯಿರಿ. ಯಂತ್ರ ‘ರೂಪಾಯಿಯಲ್ಲೋ ಬಾಟ್‌ನಲ್ಲೋ’ ಎಂದು ಕೇಳಿದಾಗ ಯಾವಾಗಲೂ ಬಾಟ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆಪ್ ಅನ್ನು ಮನೆಯಲ್ಲೇ ಹಾಕಿ, ಒಟಿಪಿ ಬಂದು ಖಾತೆ ತೆರೆಯುವವರೆಗೆ ನೋಡಿಕೊಳ್ಳಿ. ಅಲ್ಲಿ ಇಳಿದು ಬೇರೆ ಸಿಮ್ ಹಾಕಿದ ಮೇಲೆ ನಮ್ಮ ನಂಬರಿಗೆ ಬರುವ ಒಟಿಪಿಗಾಗಿ ಪರದಾಡುವವರು ಬಹಳ. ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ, ಎರಡನ್ನೂ ತೆರೆದಿಡಿ. ಇ-ಸಿಗರೇಟು ಥಾಯ್ಲೆಂಡಿನಲ್ಲಿ ಕಾನೂನುಬಾಹಿರ, ಚೀಲದಲ್ಲಿ ಬೇಡ.

ಹವೆ ನವೆಂಬರಿನಿಂದ ಫೆಬ್ರವರಿವರೆಗೆ ಹಿತ. ಏಪ್ರಿಲ್ ಸುಡುತ್ತದೆ, 13ರಿಂದ 15ರವರೆಗೆ ಸೊಂಕ್ರಾನ್, ಅಂದರೆ ಅವರ ಸಂಕ್ರಾಂತಿ, ನೀರೆರಚುವ ಹಬ್ಬ. ಬೀದಿಯಲ್ಲಿ ಹೊರಟವರೆಲ್ಲ ಒದ್ದೆಯಾಗಲೇಬೇಕು. ಮುಂಬೈ ಮಳೆ ಜುಲೈಯಲ್ಲಿ ಜೋರಾದರೆ ಅಲ್ಲಿಯದು ಸೆಪ್ಟೆಂಬರಿನಲ್ಲಿ. ನಮ್ಮ ಹಾಗೆ ಮೂರು ದಿನ ಬಿಡದೆ ಸುರಿಯುವುದು ಕಡಿಮೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಒಮ್ಮೆ ಬಂದು ಹೋಗುತ್ತದೆ. ಬೆಳಿಗ್ಗೆ ಬೇಗ ಹೊರಡುವವರಿಗೆ ಅದು ತೊಂದರೆಯಲ್ಲ.

ಉಳಿಯುವ ಜಾಗ, ಇಳಿದ ದಿನ

ಹೋಟೆಲನ್ನು ಸಫಾನ್ ತಾಕ್ಸಿನ್ ಅಥವಾ ಸುರಸಕ್ ನಿಲ್ದಾಣದ ಸುತ್ತ ಹಿಡಿಯಿರಿ. ಮೇಲಿನ ರೈಲು ಮತ್ತು ಹೊಳೆಯ ದೋಣಿ ಎರಡೂ ಕಾಲ್ನಡಿಗೆಯಲ್ಲಿ ಸಿಗುವ ಜಾಗ ಇದು. ಸುಖುಮ್ವಿತ್ ರಸ್ತೆಯ ‘ನಾನಾ’ ಎಂಬ ಜಾಗದ ಸುತ್ತ ಭಾರತೀಯ ಹೋಟೆಲುಗಳು ದಂಡಿಯಾಗಿವೆ, ಆದರೆ ರಾತ್ರಿ ಆ ಬೀದಿಗಳ ವ್ಯಾಪಾರ ಬೇರೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೇಡ. ಖಾವೊಸಾನ್ ರಸ್ತೆ ಅಗ್ಗ, ಆದರೆ ಹತ್ತಿರ ರೈಲಿಲ್ಲ, ಸದ್ದಂತೂ ಬೆಳಗಿನ ಜಾವದವರೆಗೆ.

ಸುವರ್ಣಭೂಮಿಯಿಂದ ಊರಿಗೆ ಏರ್‌ಪೋರ್ಟ್ ರೈಲು ಹಿಡಿದರೆ ಫಾಯಾ ಥಾಯ್‌ವರೆಗೆ 45 ಬಾಟ್, ಅರ್ಧ ಗಂಟೆ. ಅಲ್ಲಿಂದ ಬಿಟಿಎಸ್ ಎಂಬ ಮೇಲಿನ ರೈಲಿಗೆ ಬೇರೆ ಟಿಕೆಟ್. ಸಿಯಾಮ್‌ನಲ್ಲಿ ಇಳಿದು ಎದುರು ಬದಿಯ ಬಾಂಗ್ ವಾ ಗಾಡಿ ಹತ್ತಬೇಕು. ದಾದರಿನಂತೆ ಸೇತುವೆ ಹತ್ತಿಳಿಯುವ ಕೆಲಸವಿಲ್ಲ, ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಬರುತ್ತದೆ. ನಾಲ್ಕು ಜನ, ನಾಲ್ಕು ಪೆಟ್ಟಿಗೆ ಇದ್ದರೆ ಟ್ಯಾಕ್ಸಿಯೇ ಸರಿ. ಯಂತ್ರದಿಂದ ಚೀಟಿ ತೆಗೆದು, ಅದರಲ್ಲಿ ಬರೆದ ಸಂಖ್ಯೆಯ ಕಡೆ ಹೋಗಿ ಹತ್ತಿ. ಮೀಟರಿನ ಮೇಲೆ ವಿಮಾನ ನಿಲ್ದಾಣದ 50 ಬಾಟ್ ಮತ್ತು ಟೋಲ್ ನಿಮ್ಮದು, ಅದು ಮೋಸವಲ್ಲ. ಮೀಟರ್ ಹಾಕದೆ ಒಂದೇ ಮೊತ್ತ ಹೇಳಿದರೆ ಇಳಿದುಬಿಡಿ. ಡಾನ್ ಮುಯಾಂಗ್ ಎಂಬ ಎರಡನೇ ವಿಮಾನ ನಿಲ್ದಾಣವೂ ಇದೆ. ವಾಪಸು ವಿಮಾನ ಯಾವುದರಿಂದ ಎಂದು ಟಿಕೆಟಿನಲ್ಲಿ ಎರಡು ಸಲ ಓದಿ.

ಮುಂಬೈಯಿಂದ ರಾತ್ರಿ ಹೊರಟ ವಿಮಾನ ಅಲ್ಲಿ ಬೆಳಗಿನ ಹೊತ್ತಿಗೆ ಇಳಿಸುತ್ತದೆ. ಗಡಿಯಾರ ಒಂದೂವರೆ ಗಂಟೆ ಮುಂದೆ ಹೋಗಿರುತ್ತದೆ, ನಿದ್ದೆಯಿಲ್ಲ, ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಅಂದು ಅರಮನೆಗೆ ಹೋಗಬೇಡಿ. ಬಿಸಿಲಿನಲ್ಲಿ ತಲೆ ತಿರುಗಿ, 500 ಬಾಟ್ ಕೊಟ್ಟದ್ದು ಕಣ್ಣಿಗೆ ಹತ್ತುವುದಿಲ್ಲ. ಚೀಲವನ್ನು ರಿಸೆಪ್ಶನ್‌ನಲ್ಲಿಟ್ಟು ಸಿಲೋಮ್‌ನ ಮಹಾ ಮಾರಿಯಮ್ಮನ ಗುಡಿಗೆ ನಡೆಯಿರಿ. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು. ಅರಿಶಿನ ಕುಂಕುಮ ಹಿಡಿದು ನಿಂತವರಲ್ಲಿ ಥಾಯ್ ಜನರೇ ಹೆಚ್ಚು. ಸಂಜೆ ಬಿಟಿಎಸ್ ಹತ್ತಿ ಚಿತ್ ಲೋಮ್‌ನಲ್ಲಿ ಇಳಿದರೆ ಎರಾವಾನ್ ಗುಡಿ. 1956ರಲ್ಲಿ ಸ್ಥಾಪಿಸಿದ ಚತುರ್ಮುಖ ಬ್ರಹ್ಮ. ನಮ್ಮ ಕಡೆ ಬ್ರಹ್ಮನಿಗೆ ಗುಡಿಯೇ ಅಪರೂಪ, ಅಲ್ಲಿ ಮಾಲುಗಳ ನಡುವಿನ ಮೂಲೆಯಲ್ಲಿ ನಾಲ್ಕು ಮುಖಕ್ಕೂ ಪ್ರದಕ್ಷಿಣೆಯಾಗಿ ಊದುಬತ್ತಿ, ಹಾರ ಸಲ್ಲುತ್ತದೆ. ಹರಕೆ ಫಲಿಸಿದವರು ಹಣ ಕಟ್ಟಿ ನೃತ್ಯ ಮಾಡಿಸುತ್ತಾರೆ. ಊರಿನಲ್ಲಿ ಹರಕೆಯಾಟ ಆಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಳೆಯ ದಿನ

ಸಫಾನ್ ತಾಕ್ಸಿನ್ ನಿಲ್ದಾಣದ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಬೆಳಿಗ್ಗೆ ಏಳೂವರೆಗೆ ಅಲ್ಲಿರಿ. ಇಲ್ಲಿ ಎರಡು ಬಗೆಯ ದೋಣಿ. ಕಿತ್ತಳೆ ಬಾವುಟದ್ದು ಊರಿನವರದು, ಎಲ್ಲಿಗೆ ಹೋದರೂ 16 ಬಾಟ್. ನೀಲಿ ಬಾವುಟದ್ದು ಪ್ರವಾಸಿಗರದು, ಅದಕ್ಕೆ ಎರಡು ಪಟ್ಟಿಗೂ ಹೆಚ್ಚು, ದಿನದ ಪಾಸಿಗೆ 150. ಕಟ್ಟೆಗೆ ಕಾಲಿಟ್ಟ ಕೂಡಲೇ ಮೈಕು ಹಿಡಿದವರು ವಿದೇಶಿ ಮುಖ ನೋಡಿ ನೀಲಿಯ ಸಾಲಿಗೆ ಕಳಿಸುತ್ತಾರೆ. ‘ಆರೆಂಜ್’ ಎಂದು ಹೇಳಿ ಮುಂದೆ ಹೋಗಿ. ಎರಡೂ ಓಡುವುದು ಒಂದೇ ನೀರಿನಲ್ಲಿ.

ಬಾವುಟ ದೋಣಿಯ ಹಿಂಭಾಗದಲ್ಲಿ ಹಾರುತ್ತದೆ, ಹತ್ತುವುದೂ ಹಿಂದಿನಿಂದಲೇ. ಕಟ್ಟೆ ಹತ್ತಿರವಾದಂತೆ ಹಗ್ಗ ಹಿಡಿದ ಹುಡುಗ ಅಂಚಿನಲ್ಲಿ ನಿಂತು ಸೀಟಿ ಊದುತ್ತಾನೆ. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಉದ್ದ. ಮುಂದೆ ಕೂತು ಹಿಂದಿನದು ಕಾಣದ ಚಾಲಕನಿಗೆ ಇಷ್ಟು ಹಿಂದೆ, ಇಷ್ಟು ಪಕ್ಕಕ್ಕೆ ಎಂದು ಹೇಳುವ ಭಾಷೆ ಅದು. ಹಗ್ಗ ಕಂಬಕ್ಕೆ ಸುತ್ತಿದ ಕ್ಷಣ ಇಳಿಯುವವರು ಜಿಗಿಯುತ್ತಾರೆ, ಹತ್ತುವವರು ನುಗ್ಗುತ್ತಾರೆ, ಅರ್ಧ ನಿಮಿಷದಲ್ಲಿ ದೋಣಿ ಬಿಟ್ಟಿರುತ್ತದೆ. ಲೋಕಲ್ ರೈಲಿನ ಅಭ್ಯಾಸವಿರುವ ನಮಗೆ ಇದು ಕಷ್ಟವಲ್ಲ. ಇಳಿಯುವ ಕಟ್ಟೆಗೆ ಒಂದು ನಿಲುಗಡೆ ಮುಂಚೆಯೇ ಎದ್ದು ಹಿಂದಕ್ಕೆ ಬಂದು ನಿಲ್ಲಿ. ಹಿರಿಯರಿದ್ದರೆ ಒಬ್ಬರು ಮುಂದೆ ಇಳಿದು ಕೈ ಕೊಡಿ, ದೋಣಿಗೂ ಕಟ್ಟೆಗೂ ನಡುವಿನ ಸಂದು ಅಲೆಗೆ ಹಿಗ್ಗಿ ಕುಗ್ಗುತ್ತಿರುತ್ತದೆ. ಹಿಂಭಾಗದಲ್ಲಿ ಭಿಕ್ಷುಗಳಿಗೆ ಮೀಸಲಾದ ಜಾಗವಿದೆ. ಅಲ್ಲಿ ನಿಲ್ಲಬೇಡಿ, ಹೆಂಗಸರು ಭಿಕ್ಷುಗಳಿಗೆ ಮೈ ತಾಗದಂತೆ ನೋಡಿಕೊಳ್ಳಬೇಕು.

ಥಾ ಚಾಂಗ್‌ನಲ್ಲಿ ಇಳಿಯಿರಿ. ಥಾ ಎಂದರೆ ಘಟ್ಟ, ಚಾಂಗ್ ಎಂದರೆ ಆನೆ. ಅರಮನೆಯ ಆನೆಗಳು ನೀರಿಗೆ ಇಳಿಯುತ್ತಿದ್ದ ಘಟ್ಟ. ಐದು ನಿಮಿಷ ನಡೆದರೆ ಅರಮನೆಯ ಬಿಳಿಗೋಡೆ. ಈ ಐದು ನಿಮಿಷದಲ್ಲೇ ಊರಿನ ಅತಿ ಹಳೆಯ ಮೋಸ ಎದುರಾಗುತ್ತದೆ. ಇಸ್ತ್ರಿ ಅಂಗಿಯ ಸಭ್ಯರೊಬ್ಬರು ‘ಇವತ್ತು ಅರಮನೆ ಮುಚ್ಚಿದೆ, ಬೌದ್ಧರ ಹಬ್ಬ, ಒಂದು ಗಂಟೆಗೆ ತೆರೆಯುತ್ತದೆ, ಅಷ್ಟರಲ್ಲಿ 20 ಬಾಟ್‌ಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ನೋಡಿ’ ಎನ್ನುತ್ತಾರೆ. ಆ ಟುಕ್‌ಟುಕ್ ನಿಲ್ಲುವುದು ಹರಳಿನ ಅಂಗಡಿಯ ಮುಂದೆ, ದರ್ಜಿಯ ಅಂಗಡಿಯ ಮುಂದೆ. ಅಲ್ಲಿ ಕೊಂಡದ್ದರ ಕಮಿಷನ್ನೇ ಆ 20 ಬಾಟ್‌ನ ಗುಟ್ಟು. ಉತ್ತರ ಕೊಡದೆ ಗೇಟಿನವರೆಗೆ ನಡೆಯಿರಿ. ರಾಜಮನೆತನದ ಸಮಾರಂಭವಿದ್ದಾಗ ಕೆಲವು ಭಾಗ ನಿಜಕ್ಕೂ ಮುಚ್ಚುವುದುಂಟು, ಅದನ್ನು ಅರಮನೆಯ ಜಾಲತಾಣದಲ್ಲಿ ಹಿಂದಿನ ರಾತ್ರಿ ನೋಡಿಕೊಳ್ಳಿ.

ಟಿಕೆಟ್ ಕಿಟಕಿ 8:30ಕ್ಕೆ ತೆರೆದು ಮಧ್ಯಾಹ್ನ 3:30ಕ್ಕೆ ಮುಚ್ಚುತ್ತದೆ. ವಿದೇಶಿಯರಿಗೆ 500 ಬಾಟ್, 120 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಉಚಿತ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಸೀರೆ, ತೋಳಿರುವ ಚೂಡಿದಾರ್ ಸರಿ. ತೋಳಿಲ್ಲದ ಕುರ್ತಿಯ ಮೇಲೆ ದುಪಟ್ಟಾ ಹೊದ್ದರೆ ಒಪ್ಪುವುದಿಲ್ಲ, ಇದರಲ್ಲೇ ನಮ್ಮವರು ಹೆಚ್ಚು ಸಿಕ್ಕಿಬೀಳುವುದು. ಹರಿದ ಜೀನ್ಸು, ಲೆಗ್ಗಿಂಗ್ಸು, ಚಡ್ಡಿ ನಡೆಯದು. ತಿರುಗಿ ಕಳಿಸಿದರೆ ಎದುರಿನ ಅಂಗಡಿಗಳಲ್ಲಿ ಆನೆ ಚಿತ್ರದ ಪೈಜಾಮ ಸಿಗುತ್ತದೆ, ಆದರೆ ಅಷ್ಟರಲ್ಲಿ ಬಸ್ಸುಗಳು ಬಂದು ಸಾಲು ಬೆಳೆದಿರುತ್ತದೆ.

ಒಳಗೆ ಹೋದ ಕೂಡಲೇ ಎಲ್ಲರೂ ಅಲ್ಲಿನ ದೇವಾಲಯದ ಪಚ್ಚೆಬುದ್ಧನ ಕಡೆ ಓಡುತ್ತಾರೆ. ನೀವೂ ಮೊದಲು ಅಲ್ಲಿಗೇ ಹೋಗಿ, ಸಾಲು ಬೆಳೆಯುವ ಮುನ್ನ ಮುಗಿಸಿ. ಮೂರ್ತಿ 66 ಸೆಂಟಿಮೀಟರ್ ಮಾತ್ರ, ಎತ್ತರದ ಪೀಠದ ತುದಿಯಲ್ಲಿದೆ. ಬೇಸಿಗೆ, ಮಳೆ, ಚಳಿ, ಮೂರು ಕಾಲಕ್ಕೆ ಮೂರು ಬಗೆಯ ಚಿನ್ನದ ಉಡುಗೆ, ಬದಲಿಸುವವನು ಅರಸನೇ. ಸಣ್ಣ ದುರ್ಬೀನು ಇದ್ದರೆ ಒಯ್ಯಿರಿ. ಒಳಗೆ ಫೋಟೋ ಇಲ್ಲ. ಕಾಲನ್ನು ಹಿಂದಕ್ಕೆ ಮಡಿಸಿ ಕೂರಬೇಕು, ಪಾದ ಬುದ್ಧನ ಕಡೆ ಚಾಚಬಾರದು.

ಆಮೇಲಿನ ಒಂದು ಗಂಟೆಯನ್ನು ಸುತ್ತಲಿನ ಪೌಳಿಗೆ ಕೊಡಿ. ಬ್ಯಾಂಕಾಕ್‌ನಲ್ಲಿ ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ನಿಧಿಯಿಲ್ಲ, ಹೆಚ್ಚಿನ ತಂಡಗಳು ಇದರ ಮುಂದೆ ಸೆಲ್ಫಿ ತೆಗೆದು ದಾಟಿಬಿಡುತ್ತವೆ. ಗೋಡೆಯುದ್ದಕ್ಕೂ 178 ಚಿತ್ರಗಳಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣ. ಉತ್ತರದ ಬಾಗಿಲಿನಲ್ಲಿ ಜನಕ ನೇಗಿಲು ಹೂಡಿ ಸೀತೆಯನ್ನು ಕಂಡಲ್ಲಿಂದ ಶುರು, ಅಲ್ಲಿಂದ ಪ್ರದಕ್ಷಿಣೆಯಾಗಿ ನಡೆಯಬೇಕು. ನಡುವಿನಿಂದ ಶುರುಮಾಡಿದರೆ ಕತೆ ಸಿಗುವುದಿಲ್ಲ. ಪಾತ್ರಗಳನ್ನು ಬಣ್ಣದಿಂದ ಗುರುತಿಸಿ: ಹಸಿರು ಮೈಯವನು ಫ್ರಾ ರಾಮ್, ಹೊನ್ನಿನ ಬಣ್ಣದವನು ಫ್ರಾ ಲಕ್, ಬಿಳಿ ಕೋತಿ ಹನುಮಾನ್. ಹತ್ತು ತಲೆಯ ಹಸಿರು ಮುಖ ತೋಸಕನ್, ಅಂದರೆ ದಶಕಂಠ. ಈ ಕತೆಯಲ್ಲಿ ಸೀತೆ ರಾವಣನ ಮಗಳು. ನಮ್ಮ ಜನಪದ ರಾಮಾಯಣದಲ್ಲೂ ಹಾಗೆ ಹಾಡುತ್ತಾರೆ, ಹಾಗಾಗಿ ನಮಗೆ ಇದು ಅಚ್ಚರಿಯಾಗಬೇಕಿಲ್ಲ. ದೊಡ್ಡ ಬಿಳಿ ಹನುಮಂತ ಬಾಯಿ ತೆರೆದು ಅದರೊಳಗೆ ರಾಮನ ಬಿಡಾರವನ್ನೇ ಇಟ್ಟುಕೊಂಡು ಕಾಯುವ ಚಿತ್ರವೊಂದಿದೆ. ಕಳ್ಳತನದಲ್ಲಿ ರಾಮನನ್ನು ಪಾತಾಳಕ್ಕೆ ಒಯ್ಯಲು ಬರುವವನ ಹೆಸರು ಮೈಯರಾಬ್. ಮೈರಾವಣ ಕಾಳಗದ ಆಟ ನೋಡಿದವರು ಆ ಗೋಡೆಯ ಮುಂದೆ ಸುಮ್ಮನೆ ದಾಟಲಾರರು. ಬಾಗಿಲುಗಳಲ್ಲಿ ಗದೆ ಊರಿ ನಿಂತ ಎತ್ತರದ ಕಾವಲುಗಾರರನ್ನು ಅವರು ಕರೆಯುವುದು ಯಕ್ ಎಂದು, ನಮ್ಮ ಯಕ್ಷ. ಕಿರೀಟ, ದಂಷ್ಟ್ರ, ಮುಖದ ಬಣ್ಣ ನೋಡಿದರೆ ಬಣ್ಣದ ವೇಷ ನೆನಪಾಗದೆ ಇರದು.

ಅರಮನೆಯ ಟಿಕೆಟಿನಲ್ಲೇ ಖೋನ್ ಎಂಬ ಮುಖವಾಡದ ನೃತ್ಯದ ಸಣ್ಣ ಪ್ರದರ್ಶನವೂ ಸೇರಿರುತ್ತದೆ. ವಾರದ ದಿನಗಳಲ್ಲಿ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದಲ್ಲಿ ನಡೆಯುತ್ತದೆ, ಅರಮನೆಯಿಂದ ಗಾಡಿ ಬಿಡುತ್ತಾರೆ. ಹೊತ್ತನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ. ಪೌಳಿಯ ಚಿತ್ರಗಳನ್ನು ನೋಡಿದ ಮೇಲೆ ಇದನ್ನು ನೋಡಿದರೆ ಅದೇ ಬಣ್ಣಗಳು ಎದ್ದು ಬಂದು ಕುಣಿದ ಹಾಗೆ.

ಅಲ್ಲಿಂದ ಗೋಡೆಯ ಪಕ್ಕ ಹದಿನೈದು ನಿಮಿಷ ನಡೆದರೆ ವಾಟ್ ಫೋ ದೇವಾಲಯ, 300 ಬಾಟ್. ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಮುಖದ ಕಡೆ ಜನ ನುಗ್ಗಿರುತ್ತಾರೆ, ನೀವು ಪಾದದ ಕಡೆ ಹೆಚ್ಚು ಹೊತ್ತು ನಿಲ್ಲಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಬೆನ್ನ ಹಿಂದೆ 108 ಕಂಚಿನ ಪಾತ್ರೆಗಳ ಸಾಲು. ಸಣ್ಣ ನಾಣ್ಯಗಳ ಬಟ್ಟಲು ಕೊಂಡು ಒಂದೊಂದಕ್ಕೆ ಒಂದೊಂದು ಹಾಕುತ್ತ ನಡೆಯುತ್ತಾರೆ, ಆ ಟಿಣ್ ಟಿಣ್ ಸದ್ದು ಇಡೀ ಮಂದಿರ ತುಂಬಿರುತ್ತದೆ. ಥಾಯ್ ಮಸಾಜಿನ ಹಳೆಯ ಪಾಠಶಾಲೆ ಇದೇ ಆವರಣದಲ್ಲಿದೆ. ಮಧ್ಯಾಹ್ನದ ಬಿಸಿಲನ್ನು ಅಲ್ಲಿ ಕಳೆಯುವುದು ಜಾಣತನ.

ಅರುಣನ ದೇವಾಲಯ, ವಾಟ್ ಅರುಣ್, ಹೊಳೆಯ ಆಚೆ ದಡ. ಥಾ ತಿಯೆನ್ ಕಟ್ಟೆಯಿಂದ ದಾಟುವ ದೋಣಿಗೆ 5 ಬಾಟ್, ಒಳಗೆ ಹೋಗಲು 200. ಹೆಸರು ಅರುಣನದ್ದಾದರೂ ಗೋಪುರ ಪಶ್ಚಿಮ ದಡದಲ್ಲಿದೆ. ಹಾಗಾಗಿ ಬೆಳಿಗ್ಗೆ ನದಿ ಕಡೆಯ ಮುಖಕ್ಕೆ ಬೆಳಕು, ಸಂಜೆ ಸೂರ್ಯ ಅದರ ಬೆನ್ನಿಗೆ. ಗೋಪುರದ ಮೈಮೇಲಿನ ಹೂಗಳೆಲ್ಲ ಪಿಂಗಾಣಿ ಚೂರುಗಳಿಂದ ಮಾಡಿದ್ದು, ಹತ್ತಿರ ಹೋದರೆ ತಟ್ಟೆಯ ಅಂಚು, ಬಟ್ಟಲಿನ ತಳ ಕಾಣುತ್ತವೆ. ಮೆಟ್ಟಿಲು ಕಡಿದು, ಮಂಡಿನೋವಿನವರು ಕೆಳಗೇ ಉಳಿಯಲಿ. ಖರ್ಚು ನೋಡಬೇಕಾದ ದೊಡ್ಡ ಕುಟುಂಬ ಒಳಗೆ ಹೋಗುವುದನ್ನು ಬಿಟ್ಟರೂ ನಷ್ಟವಿಲ್ಲ. ಆರು ಗಂಟೆಗೆ ಥಾ ತಿಯೆನ್ ದಡದಲ್ಲಿ ನಿಂತು, ಕೆಂಪು ಆಕಾಶಕ್ಕೆ ಎದುರಾಗಿ ಆ ಕಪ್ಪು ಗೋಪುರವನ್ನು ನೋಡಲು ಹಣವಿಲ್ಲ. ಕಿತ್ತಳೆ ದೋಣಿ ಕತ್ತಲಾಗುತ್ತಿದ್ದಂತೆ ನಿಲ್ಲುತ್ತದೆ. ತಪ್ಪಿದರೆ ಚಿಂತೆಯಿಲ್ಲ, ಹತ್ತಿರವೇ ಸನಾಮ್ ಚಾಯ್ ಮೆಟ್ರೊ ನಿಲ್ದಾಣ. ಅದರ ಒಳಗನ್ನು ಆಸ್ಥಾನ ಮಂಟಪದಂತೆ ಕಂಬ, ಕಮಲದ ಜೋಡಣೆಯಿಂದ ಕಟ್ಟಿದ್ದಾರೆ.

ಹೆಸರು ಓದುವ ಕಲೆ

ಥಾಯ್ ಲಿಪಿ ಬಾರದಿದ್ದರೂ ಹೆಸರು ಕೇಳಿದರೆ ಅರ್ಥ ಹೊಳೆಯುವ ಸೌಭಾಗ್ಯ ನಮ್ಮದು. ಮೂರು ಸೂತ್ರ ಸಾಕು. ಕೊನೆಯ ‘ರ’ ಅವರ ಬಾಯಲ್ಲಿ ‘ನ್’ ಆಗುತ್ತದೆ: ನಗರ ನಖೋನ್. ಕೊನೆಯ ‘ವ’ ‘ಪ್’ ಆಗುತ್ತದೆ: ದೇವ ಥೇಪ್. ‘ಜ’ ‘ಚ’ಕಾರಕ್ಕೆ ತಿರುಗುತ್ತದೆ: ರಾಜ ರಾಚಾ. ಊರನ್ನು ಅವರು ಬ್ಯಾಂಕಾಕ್ ಎನ್ನುವುದಿಲ್ಲ, ಕ್ರುಂಗ್ ಥೇಪ್ ಮಹಾ ನಖೋನ್ ಎನ್ನುತ್ತಾರೆ, ದೇವತೆಗಳ ಮಹಾನಗರ. ಪೂರ್ತಿ ಹೆಸರು ಜಗತ್ತಿನಲ್ಲೇ ಉದ್ದ, ಅದರ ಕೊನೆಯಲ್ಲಿ ಶಕ್ರನ ಅಪ್ಪಣೆಯಂತೆ ವಿಶ್ವಕರ್ಮ ಕಟ್ಟಿದ್ದು ಎಂಬ ಮಾತಿದೆ. ಎರಾವಾನ್ ಐರಾವತ. ಲೋಹಾಪ್ರಾಸಾತ್ ಲೋಹಪ್ರಾಸಾದ. ಮಕ್ಕಳಿಗೆ ಇದನ್ನು ಆಟವಾಗಿ ಕಲಿಸಿದರೆ ರೈಲಿನ ಫಲಕ ಓದುತ್ತಲೇ ದಿನ ಕಳೆಯುತ್ತಾರೆ.

ಕಾಲುವೆಯ ದಿನ

ಬೆಳಿಗ್ಗೆ ವಾಟ್ ಸುಥಾಟ್ ಎದುರಿನ ದೈತ್ಯ ಉಯ್ಯಾಲೆಯ ಬಳಿ ಶುರುಮಾಡಿ. ತೇಗದ ಎರಡು ಕೆಂಪು ಕಂಬ, ಸುಮಾರು 21 ಮೀಟರ್ ಎತ್ತರ. ಶಿವನ ಉತ್ಸವದಲ್ಲಿ ಇದರಲ್ಲಿ ತೂಗುತ್ತಿದ್ದರು, 1935ರ ಹೊತ್ತಿಗೆ ನಿಂತಿತು. ಪಕ್ಕದ ರಸ್ತೆಯಲ್ಲೇ ದೇವಸ್ಥಾನ್ ಎಂಬ ಹೆಸರಿನ ಬಿಳಿ ಗುಡಿಗಳು, ಶಿವ, ಗಣೇಶ, ವಿಷ್ಣುವಿಗೆ ಒಂದೊಂದು. ಅರಮನೆಯ ಬ್ರಾಹ್ಮಣರ ನೆಲೆ ಇದು. ಅವರ ಚಳಿಗಾಲದ ಉತ್ಸವದ ಹೆಸರು ತ್ರಿಯಂಪವಾಯ್ ತ್ರಿಪವಾಯ್, ತಮಿಳಿನ ತಿರುವೆಂಪಾವೈ, ತಿರುಪ್ಪಾವೈಗಳಿಂದ ಬಂದದ್ದು. ಧನುರ್ಮಾಸದಲ್ಲಿ ತಿರುಪ್ಪಾವೈ ಕೇಳುವ ಮನೆಗಳಿಗೆ ಈ ಅಂಗಳ ದೂರದ್ದು ಅನ್ನಿಸದು. ಪ್ರವಾಸಿ ಬಸ್ಸುಗಳು ಇತ್ತ ಬರುವುದು ತೀರ ಕಡಿಮೆ.

ಅಲ್ಲಿಂದ ನಡೆದು 37 ಲೋಹದ ಶಿಖರಗಳ ಲೋಹಪ್ರಾಸಾದ, ಅದರಾಚೆ ಬಂಗಾರದ ಗುಡ್ಡ. ಗುಡ್ಡಕ್ಕೆ 300 ದಾಟುವ ಮೆಟ್ಟಿಲು, ಆದರೆ ಸುತ್ತಿ ಸುತ್ತಿ ಏರುವುದರಿಂದ ಸಲೀಸು, ನೆರಳೂ ಇದೆ. ಗುಡ್ಡದ ಬುಡಕ್ಕೆ ಫಾನ್ ಫಾ ಕಟ್ಟೆ, ಸೇನ್ ಸೇಪ್ ಕಾಲುವೆಯ ದೋಣಿ ಹೊರಡುವ ತುದಿ. ಇಪ್ಪತ್ತು ಬಾಟ್ ಆಸುಪಾಸಿನಲ್ಲಿ ಊರಿನ ನಡುವನ್ನು ಸೀಳಿಕೊಂಡು ಹೋಗುತ್ತದೆ, ಮೇಲಿನ ರಸ್ತೆಯ ಟ್ರಾಫಿಕ್ ಮುಟ್ಟದೆ. ನೀರು ಕೊಳಕು, ಎದುರು ದೋಣಿ ಬಂದಾಗ ಎರಚುತ್ತದೆ. ಅಂಚಿನಲ್ಲಿ ಕೂತವರು ಹಗ್ಗ ಎಳೆದರೆ ಪಕ್ಕದ ಪ್ಲಾಸ್ಟಿಕ್ ಪರದೆ ಮೇಲೇಳುತ್ತದೆ, ಅದು ನಿಮ್ಮ ಕೆಲಸ. ಹತ್ತುವಾಗ ಅಂಚು ದಾಟಿ ಕಾಲಿಡಬೇಕು, ಮಂಡಿನೋವಿನವರಿಗೆ ಹೇಳಿಸಿದ್ದಲ್ಲ. ಹುವಾ ಚಾಂಗ್‌ನಲ್ಲಿ ಇಳಿದರೆ ಜಿಮ್ ಥಾಂಪ್ಸನ್ ಮನೆ. ರೇಷ್ಮೆ ವ್ಯಾಪಾರದ ಆ ಅಮೆರಿಕನ್ 1967ರಲ್ಲಿ ಮಲೇಷ್ಯಾದಲ್ಲಿ ಕಾಣೆಯಾದ. ಹಳೆಯ ತೇಗದ ಮನೆಗಳನ್ನು ಜೋಡಿಸಿ ಕಟ್ಟಿದ ಆತನ ಮನೆಯನ್ನು ಗೈಡಿನ ಜೊತೆಗೇ ನೋಡಬೇಕು.

ಶನಿವಾರ, ಭಾನುವಾರ ಸಿಕ್ಕಿದರೆ ಚತುಚಕ್ ಸಂತೆ, ಕಾಂಫೇಂಗ್ ಫೆಟ್ ಮೆಟ್ರೊದಲ್ಲಿ ಇಳಿದು ಬೆಳಿಗ್ಗೆ ಹತ್ತಕ್ಕೆ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ, ಮಂಗಳವಾರ ರಜೆ. ಮೆಟ್ರೊದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿ ಹೋಗಬಹುದು. ಒಂದು ಕಾರ್ಡಿಗೆ ಒಬ್ಬರೇ, ಒಳಗೆ ತಾಗಿಸಿದ ಅದೇ ಕಾರ್ಡು ಹೊರಗೂ. ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರಾಷ್ಟ್ರಗೀತೆ ಕೇಳಿಸಿದರೆ ಎಲ್ಲರ ಹಾಗೆ ನಿಂತುಬಿಡಿ. ರಾಜಮನೆತನದ ಬಗ್ಗೆ ಹಗುರ ಮಾತು ಯಾವ ಭಾಷೆಯಲ್ಲೂ ಬೇಡ, ಕಾನೂನಿನಲ್ಲಿ 3ರಿಂದ 15 ವರ್ಷ ಸೆರೆಯಿದೆ.

ಊಟ

ಸಸ್ಯಾಹಾರಿಗಳು ತಪ್ಪುವುದು ಇಲ್ಲೇ: ‘ವೆಜಿಟೇಬಲ್’ ಎಂದರೆ ತರಕಾರಿ ಹಾಕಿದ್ದು ಎಂದಷ್ಟೇ ಅವರಿಗೆ ಅರ್ಥ. ತರಕಾರಿ ಮಾತ್ರ ಕಾಣುವ ಹಸಿರು ಕರಿಯ ಮಸಾಲೆಯಲ್ಲೇ ಸಿಗಡಿಯ ಹಿಟ್ಟು ಅರೆದಿರುತ್ತದೆ. ಪಪ್ಪಾಯಿ ಕೋಸಂಬರಿಯಂಥ ಸೋಮ್ ತಾಮ್‌ಗೆ ಮೀನಿನ ಸಾರ ಮತ್ತು ಒಣಸಿಗಡಿ. ಪಾಡ್ ಥಾಯ್‌ಗೆ ಅವೆರಡರ ಜೊತೆ ಮೊಟ್ಟೆ. ಸೊಪ್ಪಿನ ಪಲ್ಯಕ್ಕೆ ಸಿಂಪಿಯ ಸಾಸು. ಹೇಳಬೇಕಾದ ಮಾತು ‘ಗಿನ್ ಜೇ’. ಜೇ ಎಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿಯ ಮನೆಯವರಿಗೂ ಸರಿಹೊಂದುವ ಪದ್ಧತಿ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ, ನೋಡಲು ಇಂಗ್ಲಿಷಿನ 17ರ ಹಾಗೆ ಕಾಣುತ್ತದೆ. ಆ ಗುರುತಿರುವ ಅಂಗಡಿ, ಪೊಟ್ಟಣ ನಂಬಬಹುದು. ಅಲ್ಲಿ ಸೋಯಾದಿಂದ ಮಾಡಿದ ತುಂಡು ಥೇಟ್ ಮಾಂಸದಂತೆ ಕಾಣುತ್ತದೆ, ಅಜ್ಜಿಗೆ ಮೊದಲೇ ಹೇಳಿಟ್ಟಿರಿ. ಜೇ ಅಂಗಡಿ ಸಿಗದಾಗ ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ಸಾರ ಹಾಕಬೇಡಿ. ‘ಮಾಯ್ ಸಾಯ್ ಖಾಯ್’, ಮೊಟ್ಟೆ ಬೇಡ. ತೆಂಗಿನ ಹಾಲು ಸುರಿದ ಮಾವಿನ ಅಂಟನ್ನ ಎಲ್ಲರೂ ತಿನ್ನಬಹುದು, ಏಪ್ರಿಲ್, ಮೇಯಲ್ಲಿ ಅದರ ರುಚಿಯೇ ಬೇರೆ. ಫಾಹುರಾತ್‌ನ ಗುರುದ್ವಾರದಲ್ಲಿ ಬೆಳಿಗ್ಗೆ ಲಂಗರ್ ಇದೆ, ತಲೆ ಮುಚ್ಚಿ ಹೋಗಿ.

ಮೀನು ತಿನ್ನುವ ಕರಾವಳಿಯವರಿಗೆ ಸಂಜೆಯ ಯಾವರಾತ್, ಅಂದರೆ ಚೈನಾಟೌನ್. ವಾಟ್ ಮಂಗ್ಕೊನ್ ಮೆಟ್ರೊದಲ್ಲಿ ಇಳಿಯಿರಿ. ಸೋಮವಾರ ಬೀದಿಗಾಡಿಗಳು ಹೆಚ್ಚಾಗಿ ಇರುವುದಿಲ್ಲ. ಮೂ ಎಂದರೆ ಹಂದಿ, ಗಾಯ್ ಕೋಳಿ, ಪ್ಲಾ ಮೀನು, ಕುಂಗ್ ಸಿಗಡಿ. ಬೆಳಗಿನ ಗಂಜಿ ‘ಜೋಕ್’ ನಮ್ಮ ಗಂಜಿಯಂತೇ ಇದೆ ಎಂದು ಬಾಯಿಗಿಡಬೇಡಿ, ಸಾಮಾನ್ಯವಾಗಿ ಹಂದಿಯ ಉಂಡೆ ಬಿದ್ದಿರುತ್ತದೆ.

ಕೊನೆಯ ರಾತ್ರಿ

ವಾಪಸು ವಿಮಾನ ನಡುರಾತ್ರಿ ಕಳೆದ ಮೇಲಿದ್ದರೆ ಸಂಜೆಯನ್ನು ಪಾಕ್ ಖ್ಲೊಂಗ್ ತಲಾತ್ ಹೂವಿನ ಪೇಟೆಗೆ ಇಡಿ. ದಾದರಿನ ಹೂವಿನ ಮಾರ್ಕೆಟ್ ಬೆಳಗಿನ ಜಾವಕ್ಕೆ ತುಂಬುವ ಹಾಗೆ ಇದು ರಾತ್ರಿ ಏರಿದಂತೆ ತುಂಬುತ್ತದೆ. ಮಾರುವವರ ಕೈಯನ್ನು ಹತ್ತಿರದಿಂದ ನೋಡಿ. ಉದ್ದನೆಯ ಸೂಜಿಗೆ ಮಲ್ಲಿಗೆ ಮೊಗ್ಗುಗಳನ್ನು ಸುತ್ತು ಸುತ್ತಾಗಿ ಚುಚ್ಚಿ, ತುದಿಗೆ ಬಿಳಿ ಎಕ್ಕದ ಹೂ ಇಳಿಬಿಡುತ್ತಾರೆ. ನಾವು ಹನುಮಂತನಿಗೆ ಏರಿಸುವ ಅದೇ ಎಕ್ಕ. ಅವರು ಅದನ್ನು ‘ದೊಕ್ ರಕ್’ ಎನ್ನುತ್ತಾರೆ, ಒಲವಿನ ಹೂ. ಹಾರಕ್ಕೆ ಅವರ ಮಾತು ಮಾಲೈ.

ಮಾರುಕಟ್ಟೆಗಳಲ್ಲಿ ಬುದ್ಧನ ಮೂರ್ತಿ ಕೊಳ್ಳಬೇಡಿ, ಪರವಾನಗಿಯಿಲ್ಲದೆ ದೇಶದಿಂದ ಹೊರಗೆ ಒಯ್ಯಲು ಬರುವುದಿಲ್ಲ. ಪೇಟೆಯಿಂದ ಸನಾಮ್ ಚಾಯ್‌ಗೆ ನಡೆದು, ಮೆಟ್ರೊದ ನೀಲಿ ಮಾರ್ಗದಲ್ಲಿ ಫೆಚಬುರಿವರೆಗೆ ಕೂತು, ಮೇಲ್ದಾರಿಯಲ್ಲಿ ದಾಟಿದರೆ ಮಕ್ಕಸನ್, ಅಲ್ಲಿಂದ ವಿಮಾನ ನಿಲ್ದಾಣದ ರೈಲು. ಕೊನೆಯ ಗಾಡಿ ನಡುರಾತ್ರಿಗೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪುವಂತೆ ಲೆಕ್ಕ ಹಾಕಿ, ಪೇಟೆಯಿಂದ ಏಳುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ. ಸಾಮಾನನ್ನು ಹೋಟೆಲಿನಲ್ಲಿ ಬಿಟ್ಟು ಬಂದಿದ್ದರೆ ಅದಕ್ಕೆ ಇನ್ನೊಂದು ಗಂಟೆ ಸೇರಿಸಿ.